ರಟ್ಟುಪರೀಕ್ಷಕ

ಹಳೆಯ ಗ್ರಾಮಫೋನ್ ಪ್ಲೇಟುಗಳ ಲೋಕದಲ್ಲಿ ಹಾಡಿಗಿಂತ ಹಾಡು ಹೊದ್ದುಕೊಂಡಿರುವ ರಟ್ಟಿಗೇ ಮರ್ಯಾದೆ ಜಾಸ್ತಿ. ಹಾಡು ಈಗ ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ಹನ್ನೆರಡು ಇಂಚಿನ ಆ ಚೌಕ ರಟ್ಟು ಸಿಗುವುದಿಲ್ಲ. ಅದರ ಮೂಲೆ ಮೊಂಡಾಗಿದೆಯೇ, ಅಂಚಿನ ಅಂಟು ಬಿಟ್ಟಿದೆಯೇ, ಬೆನ್ನಿನ ಮೇಲಿನ ಅಕ್ಷರ ಓದಲು ಬರುತ್ತದೆಯೇ ಎಂದು ತಿರುಗಿಸಿ ಮುರುಗಿಸಿ ನೋಡಿ ಬೆಲೆ ಕಟ್ಟುವವರಿದ್ದಾರೆ. ರತ್ನಕ್ಕೆ ಪರೀಕ್ಷಕರಿದ್ದ ಮೇಲೆ ರಟ್ಟಿಗೂ ಇರಬಾರದೇ? ನಾನು ಅಂಥವರಲ್ಲೊಬ್ಬ ಎಂದು ಕೆಲವು ಕಾಲ ನಮ್ಮ ಕಡೆಯ ಜನ ನಂಬಿದ್ದರು. ಅವರಿಗಿಂತ ಗಟ್ಟಿಯಾಗಿ ನಾನು ನಂಬಿದ್ದೆ.

ನನ್ನ ಯೋಗ್ಯತೆ ಇಷ್ಟೇ. ಚಾಮರಾಜಪೇಟೆಯ ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆ, ಊದುಬತ್ತಿ ಪೊಟ್ಟಣ, ಸತ್ಯನಾರಾಯಣ ಪೂಜೆಯ ಕರಪತ್ರಗಳನ್ನು ಅಚ್ಚು ಹಾಕಿ ಹಾಕಿ ನಿವೃತ್ತನಾದವನು. ಬರುವಾಗ ಅಚ್ಚಿನ ಚುಕ್ಕಿ ನೋಡುವ ಪುಟ್ಟ ಭೂತಗನ್ನಡಿಯೊಂದು ಜೇಬಿನಲ್ಲೇ ಉಳಿದಿತ್ತು. ಒಂದು ದಿನ ಸ್ನೇಹಿತರ ಮನೆಯಲ್ಲಿ ಯಾರೋ ಹೆಮ್ಮೆಯಿಂದ ಹಳೆಯ ಎಲ್‌ಪಿಯೊಂದನ್ನು ತೋರಿಸಿದರು. ನಾನು ಭೂತಗನ್ನಡಿ ಇಟ್ಟು ನೋಡಿ, "ಇದು ಹಳೇದಲ್ಲ. ಹಳೇದನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ್ದು" ಅಂದೆ. ಇದರಲ್ಲಿ ಮಂತ್ರವಿದ್ಯೆ ಏನೂ ಇಲ್ಲ. ಅಸಲಿ ಕವರಿನಲ್ಲಿ ಬಣ್ಣದ ಚಿತ್ರವಷ್ಟೇ ಚುಕ್ಕಿ ಚುಕ್ಕಿಯಾಗಿರುತ್ತದೆ, ಕಪ್ಪು ಅಕ್ಷರಗಳು ಗಟ್ಟಿಯಾಗಿ, ಅಂಚು ಚೊಕ್ಕವಾಗಿ ನಿಂತಿರುತ್ತವೆ. ಸ್ಕ್ಯಾನ್ ಮಾಡಿ ಮರು ಅಚ್ಚು ಹಾಕಿದಾಗ ಅಕ್ಷರವೂ ಚುಕ್ಕಿಯಾಗಿ ಒಡೆಯುತ್ತದೆ. ಚಿತ್ರದಲ್ಲಿ ಹಳೆಯ ಚುಕ್ಕಿಯ ಮೇಲೆ ಹೊಸ ಚುಕ್ಕಿ ಬಿದ್ದು ಜಾಳಿಗೆ ಜಾಳಿಗೆ ಕಾಣುತ್ತದೆ. ನನ್ನ ಮಾತು ನಿಜವಾಗಿಬಿಟ್ಟಿತು. ಆ ಒಂದು ನಿಜ ನನ್ನನ್ನು ಹಾಳು ಮಾಡಿತು.

ಎಕ್ಸ್‌ಪರ್ಟ್ ಅನ್ನಿಸಿಕೊಂಡ ಮೇಲೆ ಓದಬೇಕಾಯಿತು. ಓದಿದ್ದನ್ನು ಇನ್ನೊಬ್ಬರ ಮೇಲೆ ಸುರಿಯಬೇಕಾಯಿತು. ಯಾರಾದರೂ ಒಂದು ಲೋಟ ಕಾಫಿ ಕೊಟ್ಟರೆ ಸಾಕು, 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಧ್ವನಿ ಮುದ್ರಿಸಿದಲ್ಲಿಂದ ಶುರು ಮಾಡಿ, ಆಕೆ ನಾಲ್ವಡಿಯವರ ಆಶ್ರಯಕ್ಕೆ ಬಂದು 1930ರಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡದ್ದನ್ನು ಹೇಳಿ ಮುಗಿಸುವ ತನಕ ನನ್ನ ಕಾಫಿ ಆರುತ್ತಿತ್ತು, ಅವರದು ಮುಗಿದಿರುತ್ತಿತ್ತು. ನಿಮಿಷಕ್ಕೆ 78 ಸುತ್ತು ಸುತ್ತುವ ಆ ಕಾಲದ ಪ್ಲೇಟುಗಳು ಅರಗಿನವು, ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ ಹಾಡು. ಅವುಗಳಿಗೆ ಚಿತ್ರದ ಕವರ್ ಇರಲಿಲ್ಲ. ನಡುವೆ ದುಂಡು ತೂತಿರುವ ಕಂದು ಕಾಗದದ ಚೀಲ, ಅದರ ಮೇಲೆ ಅಂಗಡಿಯವನ ಜಾಹೀರಾತು. ತೂತು ಯಾಕೆಂದರೆ ಪ್ಲೇಟಿನ ಲೇಬಲ್ ಹೊರಗಿನಿಂದಲೇ ಓದಲಿ ಅಂತ. ಈ ತೂತಿನ ಮಹತ್ವ ನನಗೆ ಆಗ ತಿಳಿದಿರಲಿಲ್ಲ, ಮುಂದೆ ಬರುತ್ತದೆ. ಅಮೆರಿಕದ ಕೊಲಂಬಿಯಾ ಕಂಪನಿ 1939ರಲ್ಲಿ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಹುಡುಗನನ್ನು ಕೆಲಸಕ್ಕೆ ಸೇರಿಸಿಕೊಂಡ ಮೇಲೆ ಕವರಿಗೆ ಚಿತ್ರ ಬಂತು. 1948ರಲ್ಲಿ ಎಲ್‌ಪಿ ಬಂತು. ನಮ್ಮಲ್ಲಿ ಕಲ್ಕತ್ತೆಯ ದಮ್‌ದಮ್ ಕಾರ್ಖಾನೆಯಿಂದ ನಾಯಿ ಮಾರ್ಕಿನ ಎಚ್‌ಎಂವಿ ಪ್ಲೇಟುಗಳು ದೇಶಕ್ಕೆಲ್ಲ ಹೊರಟವು.

ನನ್ನ ಖಾಸ್ ವಿಷಯವೆಂದರೆ ಜನಪದ ಗೀತೆಗಳ ಕವರುಗಳು. ಪಿ. ಕಾಳಿಂಗರಾಯರು, ಬಿ.ಕೆ. ಸುಮಿತ್ರಾ ಮೊದಲಾದವರ ದನಿಯಲ್ಲಿ ಹಳ್ಳಿಯ ಹಾಡು ಪೇಟೆಯ ಹಾಲಿಗೆ ಬಂದಾಗ, ಹಳ್ಳಿ ಹೇಗಿರುತ್ತದೆ ಎಂದು ಪೇಟೆಯವರಿಗೆ ತೋರಿಸುವ ಜವಾಬ್ದಾರಿ ಕವರಿನದಾಯಿತು. ನಾನು ಕಂಡವುಗಳಲ್ಲಿ ಬಹುಪಾಲು ಒಂದೇ ಊರು. ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡ ಹೆಣ್ಣು, ಜೋಡಿ ತೆಂಗಿನಮರ, ಎತ್ತಿನ ಗಾಡಿ, ಮುಳುಗುತ್ತಿರುವ ಸೂರ್ಯ. ಬಿಂದಿಗೆಯವಳು ಬಾವಿಯ ಕಡೆ ಹೋಗುತ್ತಿದ್ದಾಳೋ ಬಾವಿಯಿಂದ ಬರುತ್ತಿದ್ದಾಳೋ ಎಂಬುದರ ಮೇಲೆ ನಾನೊಮ್ಮೆ ಅರ್ಧ ಗಂಟೆ ಮಾತಾಡಿದ್ದೇನೆ. ಹಿಂಬದಿಯಲ್ಲಿ ಇಂಗ್ಲಿಷಿನ ಟಿಪ್ಪಣಿ. ಬೀಸುವ ಕಲ್ಲಿನ ಹಾಡಿನ ಬಗ್ಗೆ, ಬೀಸುವ ಕಲ್ಲು ಮುಟ್ಟದವರು ಬರೆದದ್ದು. ಹಲಸಂಗಿ ಗೆಳೆಯರು ಹೆಂಗಸರ ಬಾಯಿಂದ ಹಾಡು ಬರೆದುಕೊಂಡು 'ಗರತಿಯ ಹಾಡು' ತಂದದ್ದು 1931ರಲ್ಲಿ. ಅಂಥ ಹಾಡುಗಳೇ ಪ್ಲೇಟಿಗೇರಿದಾಗ ಕವಿಯ ಜಾಗದಲ್ಲಿ 'ಟ್ರೆಡಿಷನಲ್' ಎಂದಿರುತ್ತದೆ. ಟ್ರೆಡಿಷನಲ್ ಅನ್ನುವವರು ರಾಯಲ್ಟಿ ಕೇಳಿಕೊಂಡು ಬರುವುದಿಲ್ಲ.

ಇನ್ನು ಕವರಿನ ಸ್ಥಿತಿ ಹೇಳುವ ಭಾಷೆ. ಸಂಗ್ರಾಹಕರೆಲ್ಲ ಒಪ್ಪಿಕೊಂಡ ದರ್ಜೆಗಳಿವೆ, ಪ್ಲೇಟಿಗೆ ಬೇರೆ, ಕವರಿಗೆ ಬೇರೆ. ಮಿಂಟ್ ಅಂದರೆ ಯಾರೂ ಮುಟ್ಟಿಲ್ಲ. ನಿಯರ್ ಮಿಂಟ್ ಅಂದರೆ ಮುಟ್ಟಿದ್ದಾರೆ, ಒಪ್ಪಿಕೊಳ್ಳುವುದಿಲ್ಲ. ವೆರಿ ಗುಡ್ ಅಂದರೆ ಅಷ್ಟೇನೂ ಚೆನ್ನಾಗಿಲ್ಲ. ಗುಡ್ ಅಂದರೆ ಕೆಟ್ಟಿದೆ. ಫೇರ್, ಪೂರ್ ಅಂದರೆ ಗೆದ್ದಲಿಗೆ ಹೊಟ್ಟೆ ತುಂಬಿತ್ತು ಅಂತ ಅರ್ಥ. ಲಗ್ನಪತ್ರಿಕೆ ಹಾಕುವ ಕಾಲದಲ್ಲಿ ಮದುವೆ ದಲ್ಲಾಳಿಗಳು ನಮ್ಮ ಪ್ರೆಸ್ಸಿನ ಕಟ್ಟೆಯ ಮೇಲೆ ಕೂತು "ಹುಡುಗನಿಗೆ ಸ್ವಂತ ಬಿಸಿನೆಸ್ಸು, ಹುಡುಗಿ ಸಾಧಾರಣ ಲಕ್ಷಣ" ಅನ್ನುತ್ತಿದ್ದ ಭಾಷೆಯೇ ಇದು. ನನಗೆ ಬೇಗ ಬಂತು.

ಹೀಗಿರುವಾಗ ನ್ಯೂಜೆರ್ಸಿಯ ಕನ್ನಡಿಗರೊಬ್ಬರು ಫೋನ್ ಮಾಡಿದರು. ಮಲ್ಲೇಶ್ವರದ ಅಡ್ಡರಸ್ತೆಯ ಹಳೆಯ ಮನೆಯೊಂದನ್ನು ಒಡೆದು ಅಪಾರ್ಟ್‌ಮೆಂಟ್ ಕಟ್ಟುತ್ತಾರೆ, ಅಟ್ಟದ ಮೇಲೆ ಎರಡು ಟ್ರಂಕು ಪ್ಲೇಟುಗಳಿವೆ, ಮನೆಯವರು ಕೊಡಲು ಒಪ್ಪಿದ್ದಾರೆ, ನೀವು ಕವರು ನೋಡಿ ಬೆಲೆ ಕಟ್ಟಿಕೊಡಿ, ನೀವು ಹೇಳಿದ್ದೇ ಫೈನಲ್. ನಾನು ಬಿಳಿ ಕೈಗವಸು ಹಾಕಿಕೊಂಡು, ಟಾರ್ಚು ಹಿಡಿದು, ಭೂತಗನ್ನಡಿ ಕೊರಳಿಗೆ ನೇತುಹಾಕಿಕೊಂಡು ಹೋದೆ. ಬಾಗಿಲು ತೆಗೆದ ಅಜ್ಜಿ ನನ್ನ ಕೈ ನೋಡಿ ಒಳಕ್ಕೆ ಕೂಗಿದರು: "ಯಾರಿಗೋ ಆಪರೇಷನ್ನು ಕಣೋ."

ಮೊಮ್ಮಗ ಟ್ರಂಕು ಇಳಿಸಿದ. ನಾನು ಒಂದೊಂದೇ ಎತ್ತಿ ದೋಷ ಹೇಳುತ್ತ ಹೋದೆ, ಅವನು ಬರೆದುಕೊಳ್ಳುತ್ತ ಹೋದ. ಒಂದರ ಮೂಲೆಯಲ್ಲಿ ನೀಲಿ ಶಾಯಿಯಲ್ಲಿ ಯಾರೋ ಹೆಂಡತಿಗೆ ಪ್ರೀತಿಯಿಂದ ಅಂತ ಬರೆದು ತಾರೀಖು ಹಾಕಿದ್ದರು.

"ಕವರಿನ ಮೇಲೆ ಬರವಣಿಗೆ. ಅರ್ಧ ಬೆಲೆ ಹೋಯಿತು" ಅಂದೆ.

"ಬರೆದವರೂ ಹೋದರು ಬಿಡಪ್ಪ" ಅಂದರು ಅಜ್ಜಿ.

ಅಷ್ಟಕ್ಕೆ ಬಾಯಿ ಮುಚ್ಚಿಕೊಳ್ಳುವ ಜಾಯಮಾನ ನನ್ನದಲ್ಲ. ಬಿಂದಿಗೆ ಹೊತ್ತವಳ ಕವರೊಂದು ಸಿಕ್ಕಿತು. ಲ್ಯಾಮಿನೇಷನ್ ಇನ್ನೂ ಮಿರಮಿರ ಮಿಂಚುತ್ತಿತ್ತು, ಆದರೆ ಅವಳ ಮುಖದ ಮೇಲೇ ಯಾವುದೋ ಅಂಗಡಿಯ ಬೆಲೆಚೀಟಿ. ಬಿಸಿ ಗಾಳಿ ಊದಿದರೆ ಅಂಟು ಬಿಡುತ್ತದೆ ಎಂದು ಓದಿದ್ದೆ. ಮೊಮ್ಮಗನ ಹೆಂಡತಿಯ ಹೇರ್ ಡ್ರೈಯರ್ ಕೇಳಿ ತೆಗೆದುಕೊಂಡೆ. ಓದಿದ್ದು ಬರೀ ಕಾಗದದ ಕವರಿನ ವಿಷಯ. ಲ್ಯಾಮಿನೇಷನ್ನಿಗೆ ಬಿಸಿ ತಗುಲಿದರೆ ಅದೂ ಬಿಡುತ್ತದೆ ಎಂಬುದು ಪ್ರೆಸ್ಸಿನಲ್ಲಿ ಕೂದಲು ಬೆಳ್ಳಗಾದ ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಮೊದಲು ತೆಂಗಿನಮರದ ಮೇಲೆ ಗುಳ್ಳೆ ಎದ್ದಿತು. ಆಮೇಲೆ ಚೀಟಿ ಬಂತು, ಚೀಟಿಯ ಜೊತೆಗೆ ಪ್ಲಾಸ್ಟಿಕ್ ಪೊರೆ ಬಂತು, ಪೊರೆಯ ಜೊತೆಗೆ ಬಿಂದಿಗೆಯವಳ ಮುಖವೂ ಬಂತು. ಉಳಿದದ್ದು ಸೊಂಟ ಮತ್ತು ಬಿಂದಿಗೆ. ವಿಡಿಯೊ ಕಾಲ್‌ನಲ್ಲಿ ನೋಡುತ್ತಿದ್ದ ನ್ಯೂಜೆರ್ಸಿಯವರು ಮೆತ್ತಗೆ, "ಸಾರ್, ನಾನು ಹಳೇ ಬೆಂಗಳೂರಿನ ಅಂಗಡಿ ಚೀಟಿಗಳನ್ನೂ ಸಂಗ್ರಹ ಮಾಡ್ತೀನಿ, ಅದನ್ನು ಎಸೀಬೇಡಿ" ಅಂದರು. ಚೀಟಿ ಆಗಲೇ ಉಂಡೆಯಾಗಿ ನನ್ನ ಕೈಗವಸಿಗೆ ಅಂಟಿತ್ತು.

ಅಜ್ಜಿ ಕಾಫಿ ತಂದರು. ಲೋಟ ಇಡಲು ಜಾಗ ಹುಡುಕಿದೆ. ಟ್ರಂಕಿನ ತಳದಿಂದ ಬಂದ ಕಂದು ಕಾಗದದ ಹಳೆಯ ಚೀಲವೊಂದು ಪಕ್ಕದಲ್ಲಿತ್ತು, ರದ್ದಿ ಎಂದುಕೊಂಡು ಅದರ ಮೇಲಿಟ್ಟೆ. ಒಳಗೊಂದು 78ರ ಪ್ಲೇಟು. ತೂತಿನಲ್ಲಿ ಲೇಬಲ್ ಕಾಣುತ್ತಿತ್ತು. ಮೊಮ್ಮಗ ಓದಿದ: "ಅಂಕಲ್, ಗಾಂಧಾರಿ ಅಂತಿದೆ. ಯಾರು?"

"ಮಹಾಭಾರತದವಳನ್ನು ಬಿಟ್ಟರೆ ಬೇರೆ ಗಾಂಧಾರಿ ನನಗೆ ಗೊತ್ತಿಲ್ಲಪ್ಪ. ಯಾವುದೋ ನಾಟಕ ಕಂಪನಿ ಇರಬೇಕು. ಹತ್ತು ರೂಪಾಯಿ ಬರಕೋ."

ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ ಮೊದಮೊದಲ ಪ್ಲೇಟುಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದಿದ್ದವು. ಅವರ ಹೆಸರು ಅದಾಗಿದ್ದರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದವನು ನಾನು. ಲೋಟ ಎತ್ತಿದಾಗ ಕಂದು ಕಾಗದದ ಮೇಲೆ ದುಂಡಗೆ ಕಾಫಿಯ ಗುರುತು. ಒಳಗಿನ ಪ್ಲೇಟು ಒತ್ತಿ ಒತ್ತಿ ರಟ್ಟಿನ ಮೇಲೆ ಮೂಡುವ ಉಂಗುರಕ್ಕೆ ಈ ಕಸುಬಿನಲ್ಲಿ ರಿಂಗ್ ವೇರ್ ಅನ್ನುತ್ತಾರೆ. ಹೊರಗಿನಿಂದ ರಿಂಗ್ ವೇರ್ ಮಾಡಿದ ಖ್ಯಾತಿ ನನ್ನದು.

ಈಗ ಬಂತು ಕಪ್ಪು ರಟ್ಟು. ದಪ್ಪ, ಒರಟು ಮೈ, ಮಿಂಚಿಲ್ಲ ಮಿಣುಕಿಲ್ಲ. ಆ ಕಪ್ಪು ರಟ್ಟಿನ ಮುಂದಿನಿಂದ ಹಿಂದಕ್ಕೆ ಸುತ್ತಿ ಅಂಟಿಸಿದ ಒಂದು ಕಾಗದ, ಅದರ ಮೇಲೆ ಕಂಜೂಸಿಯಾಗಿ ಒಂದೆರಡು ಬಣ್ಣದ ಅಚ್ಚು. ಕಾಗದ ಪೂರ್ತಿ ರಟ್ಟನ್ನು ಮುಚ್ಚಿಯೂ ಇಲ್ಲ, ಒಂದು ಕಡೆ ಕಪ್ಪು ಪಟ್ಟಿ ಹಾಗೇ ಬಿಟ್ಟಿದೆ. ಪೀಟ್ ಸೀಗರ್ ಅಂತ ಹೆಸರು. ನಾನು ನಕ್ಕುಬಿಟ್ಟೆ.

"ಅಂಕಲ್, ಅದು ಅಮೆರಿಕದ್ದಂತೆ. ತಾತನ ತಮ್ಮ ತಂದಿದ್ದು."

"ಅಮೆರಿಕದವರು ಇಷ್ಟು ದರಿದ್ರವಾಗಿ ಮಾಡ್ತಾರೇನಪ್ಪ? ಒರಿಜಿನಲ್ ಕವರ್ ಹಾಳಾಗಿ ಮನೇಲೇ ಯಾರೋ ಮೈದಾ ಅಂಟು ಹಾಕಿ ಮೆತ್ತಿದ್ದಾರೆ. ಐವತ್ತು ರೂಪಾಯಿ ಜಾಸ್ತಿಯೇ ಆಯ್ತು."

ಅಮೆರಿಕದವರು ಹಾಗೇ ಮಾಡುತ್ತಿದ್ದರು. ನ್ಯೂಯಾರ್ಕಿನಲ್ಲಿ ಮೋಸೆಸ್ ಆಶ್ ಎಂಬಾತ 1948ರಲ್ಲಿ ಶುರು ಮಾಡಿದ ಫೋಕ್‌ವೇಸ್ ಕಂಪನಿಯ ಕವರುಗಳ ರೀತಿಯೇ ಅದು. ಆಶ್‌ಗೆ ದುಡ್ಡು ಕಮ್ಮಿ, ಹಟ ಜಾಸ್ತಿ. ರೈತರ ಹಾಡು, ಗಣಿ ಕೂಲಿಗಳ ಹಾಡು, ಮಕ್ಕಳ ಹಾಡು, ಕೊನೆಗೆ ಕಪ್ಪೆಗಳ ವಟಗುಟ್ಟುವಿಕೆಯನ್ನೂ ಬಿಡದೆ ಎರಡು ಸಾವಿರಕ್ಕೂ ಮೇಲೆ ಎಲ್‌ಪಿ ತಂದ. ಕೊಳ್ಳುವವರಿರಲಿ ಬಿಡಲಿ, ಯಾವುದನ್ನೂ ಪಟ್ಟಿಯಿಂದ ತೆಗೆಯಲಿಲ್ಲ. ಅವನು ತೀರಿಕೊಂಡ ಮೇಲೆ 1987ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆ ಇಡೀ ಭಂಡಾರವನ್ನು ಕೊಂಡಾಗಲೂ ಒಂದನ್ನೂ ನಿಲ್ಲಿಸಬಾರದು ಎಂಬ ಕರಾರಿತ್ತು. ರೊನಾಲ್ಡ್ ಕ್ಲೈನ್ ಎಂಬ ವಿನ್ಯಾಸಕಾರ ಆ ಒಂದೆರಡು ಬಣ್ಣದಲ್ಲೇ ಮಾಡಿದ ಕವರುಗಳನ್ನು ಇವತ್ತು ವಿನ್ಯಾಸ ಕಲಿಯುವವರು ಕೂತು ನೋಡುತ್ತಾರೆ. ಊದುಬತ್ತಿ ಪೊಟ್ಟಣಕ್ಕೆ ಚಿನ್ನದ ಶಾಯಿ ಹೊಡೆದು ಬೆಳೆದ ಕಣ್ಣಿಗೆ ಅದು ಬಡತನವಾಗಿ ಕಂಡಿತು. ಫೋನಿನ ಪರದೆಯಲ್ಲಿ ನ್ಯೂಜೆರ್ಸಿಯವರ ಮುಖ ಅರಳಿದ್ದನ್ನು ನೋಡಿ, ನನ್ನ ಕೆಲಸ ಮೆಚ್ಚಿದರು ಎಂದುಕೊಂಡೆ. "ನಿಮ್ಮ ಲಿಸ್ಟು ತುಂಬಾ ಪ್ರಾಮಾಣಿಕವಾಗಿದೆ ಸಾರ್" ಅಂದರು ಬೇರೆ.

ಕೊನೆಗೆ ಸಿಕ್ಕಿದ್ದು ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ. ಕವರಿನ ಮೂರು ಅಂಚೂ ಬಿಟ್ಟು, ಮೇಲೆ ಅರಿಶಿನದ ಬೆರಳಚ್ಚು, ಎಣ್ಣೆ ಜಿಡ್ಡು. 1963ರಲ್ಲಿ ಎಚ್‌ಎಂವಿ ತಂದ ಈ ಎಲ್‌ಪಿ ಇಲ್ಲದ ಮನೆ ದಕ್ಷಿಣದಲ್ಲಿ ಕಮ್ಮಿ. ನಾನು ಎತ್ತಿ ಸಹ ನೋಡಲಿಲ್ಲ. "ಇದು ಪ್ರತಿಯೊಬ್ಬರ ಮನೆಯಲ್ಲೂ ಇದೆ. ಹಾಗಾಗಿ ಬೆಲೆ ಸೊನ್ನೆ. ಯಾರಿಗಾದರೂ ಕೊಟ್ಟುಬಿಡು" ಅಂದೆ. ಅಜ್ಜಿ ಆಗ ಒಳಗೆ ಒಗ್ಗರಣೆ ಹಾಕುತ್ತಿದ್ದರು. ಹುಡುಗ ಒಳ್ಳೆಯವನು, ಹೇಳಿದ್ದನ್ನು ಕೇಳುವವನು. ಕೆಳಗಿನ ಮನೆಯ ನಿವೃತ್ತ ಮೇಷ್ಟ್ರಿಗೆ ಅವರ ಮಗಳು ಹೊಸ ಮಾದರಿಯ ಗ್ರಾಮಫೋನು ಕೊಡಿಸಿದ್ದಳು, ಹಾಕಲು ಪ್ಲೇಟಿರಲಿಲ್ಲ. ಸುಪ್ರಭಾತ ಅವರಿಗೆ ಹೋಯಿತು. ಉಳಿದದ್ದೆಲ್ಲ ಡಬ್ಬಿ ಕಟ್ಟಿಸಿಕೊಂಡು ಸಾಗರ ದಾಟಿತು.

ಇಲ್ಲಿಯವರೆಗೆ ನಾನು ಒಂದೇ ಒಂದು ಪ್ಲೇಟನ್ನೂ ಕವರಿನಿಂದ ಹೊರಗೆ ಎಳೆದು ನೋಡಿರಲಿಲ್ಲ. ನಾನು ರಟ್ಟು ನೋಡುವವನು.

ಮಾರನೆಯ ಬೆಳಗ್ಗೆ ಐದಕ್ಕೆ ಮೇಷ್ಟ್ರು ಸ್ನಾನ ಮಾಡಿ, ದೀಪ ಹಚ್ಚಿ, ಅಕ್ಕಪಕ್ಕದವರಿಗೂ ಪುಣ್ಯ ಬರಲಿ ಎಂದು ಕಿಟಕಿ ತೆಗೆದು, ಕನ್ನಡಕವಿಲ್ಲದೆ ಪ್ಲೇಟು ಹಾಕಿದರು. ಟಣ ಟಣ ಟಣ ಎಂದು ಬ್ಯಾಂಜೋ ಶುರುವಾಯಿತು. ವೇಗ ತಪ್ಪಿರಬೇಕೆಂದು 45ಕ್ಕೆ ತಿರುಗಿಸಿದರು. ಬ್ಯಾಂಜೋ ಓಡತೊಡಗಿತು. ಅದರಲ್ಲಿ 78 ಅಂತಲೂ ಇತ್ತಲ್ಲ, ಅದನ್ನೂ ನೋಡಿದರು. ಏಳಬೇಕಾದ ದೇವರು ಎದ್ದನೋ ಇಲ್ಲವೋ, ಅಡ್ಡರಸ್ತೆ ಪೂರ್ತಿ ಎದ್ದಿತು. ಆರು ಗಂಟೆಗೆ ನನಗೆ ಫೋನು: "ಪರೀಕ್ಷೆ ಮಾಡಿದ ಮಹಾನುಭಾವರು ತಾವೇನೋ?"

ಓಡಿಹೋದೆ. ಅಜ್ಜಿಯ ಎದುರು ಗುಟ್ಟು ರಟ್ಟಾಯಿತು, ರಟ್ಟಿನದೇ ಗುಟ್ಟು. ಮನೆಯಲ್ಲಿ ದಿನಾ ಹಾಕುತ್ತಿದ್ದದ್ದು ಸುಪ್ರಭಾತ ಒಂದೇ. ತೆಗೆದು ಇಟ್ಟು ತೆಗೆದು ಇಟ್ಟು ಅದರ ಕವರು ಹರಿಯಿತು. "ಪ್ಲೇಟಿಗೆ ಗೀರು ಬೀಳ್ತದಲ್ಲ ಅಂತ ಗಟ್ಟಿ ಕವರು ಹುಡುಕಿದೆ ಕಣಪ್ಪ. ಇಷ್ಟರಲ್ಲೆಲ್ಲ ಗಟ್ಟಿ ಅಂದರೆ ಆ ಕರೀ ರಟ್ಟು. ಅದರೊಳಗೆ ಸುಪ್ರಭಾತ ಇಟ್ಟೆ. ಅದರಲ್ಲಿದ್ದ ಟಣಟಣ ಯಾರು ಕೇಳ್ತಾರೆ, ಅದನ್ನು ಈ ಹರುಕಲಿನಲ್ಲಿ ಇಟ್ಟೆ." ಮೈದಾ ಅಂಟಿನ ಕೆಲಸ ಎಂದು ನಾನು ನಕ್ಕ ರಟ್ಟನ್ನು ಅಜ್ಜಿ ವರ್ಷಗಟ್ಟಲೆ ದಿನಾ ಬೆಳಗ್ಗೆ ಪರೀಕ್ಷೆ ಮಾಡಿ ಪಾಸು ಮಾಡಿದ್ದರು. ಆಮೇಲೆ ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: "ಅಲ್ಲಪ್ಪಾ, ಅಷ್ಟು ಹೊತ್ತು ನೋಡಿದೆಯಲ್ಲ, ಒಳಗೆ ಏನಿದೆ ಅಂತ ನೋಡಲಿಲ್ಲವೇ?" ಕಂದು ಚೀಲಕ್ಕಾದರೆ ತೂತಿತ್ತು, ನೋಡಿದ್ದೂ ಆಗಿತ್ತು. ನೋಡಿ ಮಾಡಿದ್ದು ಮೇಲೆ ಹೇಳಿದ್ದೇನೆ.

ಕೆಲವು ದಿನ ಬಿಟ್ಟು ನ್ಯೂಜೆರ್ಸಿಗೆ ಫೋನ್ ಮಾಡಿದೆ. ಡಬ್ಬಿ ತಲುಪಿದ ಮೇಲೆ ಅವರೂ ಅಷ್ಟೇ ಆಸೆಯಿಂದ ಪೀಟ್ ಸೀಗರ್ ಹಾಕಿ ಕೂತರಂತೆ, ಎಂ.ಎಸ್. ಹಾಡಿದರಂತೆ. "ಬೇಜಾರಿಲ್ಲ ಸಾರ್. ಸೀಗರ್ ಪ್ಲೇಟು ಇಲ್ಲಿ ಹತ್ತು ಹದಿನೈದು ಡಾಲರಿಗೆ ಸಿಗುತ್ತೆ, ಇನ್ನೊಂದು ತಂದು ಕವರಿಗೆ ಹಾಕಿಕೊಳ್ತೀನಿ" ಅಂದರು. ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದ ವಸ್ತುವಿನ ಬೆಲೆ ಅಲ್ಲಿ ಅಷ್ಟೇ! ಹಾಗಾದರೆ ಸುಪ್ರಭಾತ ವಾಪಸ್ಸು ಕಳಿಸಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಅದು ಕಷ್ಟ ಸಾರ್. ನಮ್ಮಮ್ಮ ಇಲ್ಲಿಗೆ ಬಂದ ಮೇಲೆ ಬೆಳಗ್ಗೆ ಬೇಗ ಎದ್ದದ್ದು ಇದೇ ಮೊದಲು."

ಮೇಷ್ಟ್ರ ಹತ್ತಿರ ಹೋದೆ. ಅವರು ಅಷ್ಟರಲ್ಲಿ ಕನ್ನಡಕ ಹಾಕಿಕೊಂಡು ಲೇಬಲ್ ಓದಿ, ಮಗಳನ್ನು ಕೇಳಿ, ಸೀಗರ್ ಯಾರು ಎಂದು ತಿಳಿದುಕೊಂಡಿದ್ದರು. 'ವಿ ಶಲ್ ಓವರ್‌ಕಮ್' ಹಾಡನ್ನು ಜಗತ್ತಿಗೆಲ್ಲ ಹಬ್ಬಿಸಿದವರಲ್ಲಿ ಈತನೊಬ್ಬ, 1963–64ರ ಪ್ರವಾಸದಲ್ಲಿ ಭಾರತಕ್ಕೂ ಬಂದಿದ್ದ. ಆ ಹಾಡಿನ ಕನ್ನಡ ರೂಪವನ್ನು ಮೇಷ್ಟ್ರು ಸ್ಕೂಲಿನಲ್ಲಿ ಮಕ್ಕಳಿಗೆ ಹೇಳಿಕೊಟ್ಟೇ ಸರ್ವಿಸ್ ಮುಗಿಸಿದವರು. "ನಮ್ಮವನೇ ಕಣ್ರೀ ಈತ" ಎಂದು ಪ್ಲೇಟು ತಾವಿಟ್ಟುಕೊಂಡು, ಹರುಕು ಕವರನ್ನು ಮಾತ್ರ ಮರ್ಯಾದೆಯಾಗಿ ಮಡಿಚಿ ವಾಪಸ್ಸು ಕೊಟ್ಟರು.

ಹಾಗಾಗಿ ಈಗ ಅಜ್ಜಿಯ ಬಳಿ ಸುಪ್ರಭಾತದ ಕವರಿದೆ, ಸುಪ್ರಭಾತವಿಲ್ಲ. ಫೋನಿನಲ್ಲಿ ಹಾಕಿಕೊಟ್ಟರೆ, "ಅದು ಮಧ್ಯದಲ್ಲಿ ಸೋಪು ಮಾರುತ್ತೆ" ಅನ್ನುತ್ತಾರೆ. ತಂದುಕೊಡುವ ಹೊಣೆ ನನ್ನದು. ಸಂಡೆ ಬಜಾರಿಗೆ ಹೋದೆ, ಅವೆನ್ಯೂ ರಸ್ತೆ ಸುತ್ತಿದೆ, ಗುಜರಿಯವರಿಗೆ ಹೇಳಿಟ್ಟೆ. ಸಿಕ್ಕಿದ್ದು ಒಂದೆರಡು, ಅವೂ ಗೀರು ಬಿದ್ದು ಹಾಡುವ ಸ್ಥಿತಿಯಲ್ಲಿಲ್ಲ. ಗುರುತಿನವರ ಮನೆಗಳಲ್ಲಿ ವಿಚಾರಿಸಿದೆ. ನಾನು ಹೇಳಿದ್ದು ನಿಜ, ಪ್ರತಿಯೊಬ್ಬರ ಮನೆಯಲ್ಲೂ ಇದೆ. ಒಬ್ಬರೂ ಕೊಡುವುದಿಲ್ಲ. ಗ್ರಾಮಫೋನು ಕೆಟ್ಟು ಎಷ್ಟೋ ಕಾಲವಾದವರೂ "ಅಯ್ಯೋ, ಅದನ್ನು ಹೇಗೆ ಕೊಡೋದು ಸ್ವಾಮಿ, ದೇವರದು" ಅನ್ನುತ್ತಾರೆ. ಪಕ್ಕದಲ್ಲಿರುವ ಜನಪದ ಗೀತೆಯ ಪ್ಲೇಟನ್ನು ಬೇಕಾದರೆ ತೆಗೆದುಕೊಂಡು ಹೋಗಿ ಅನ್ನುತ್ತಾರೆ, ಬಿಂದಿಗೆಯವಳು ಮುಖಸಹಿತ ಇರುವುದನ್ನು.

ಓದುಗರಲ್ಲಿ ವಿನಂತಿ. ನಿಮ್ಮ ಮನೆಯಲ್ಲಿ ಅಕಸ್ಮಾತ್ ಸುಪ್ರಭಾತದ ಎರಡು ಎಲ್‌ಪಿ ಇದ್ದರೆ, ಗೀರಿಲ್ಲದ ಒಂದನ್ನು ದಯವಿಟ್ಟು ಕೊಡಿ. ಕೊಡುವ ಮುಂಚೆ ಹೊರಗೆ ತೆಗೆದು, ಲೇಬಲ್ ಓದಿ, ಒಂದು ಸಲ ಹಾಕಿ ಕೇಳಿ. ಕವರ್ ಹೇಗಿದ್ದರೂ ಚಿಂತೆಯಿಲ್ಲ, ಇಲ್ಲದಿದ್ದರೂ ನಡೆಯುತ್ತದೆ. ಬೆಲೆ ಮಾತ್ರ ನೀವೇ ಕಟ್ಟಿ.